ಅತ್ತೆ ಮತ್ತು ಬಾಯಿ ತೆರೆಯುವ ಪ್ರೋಟೀನ್

ಪಾಸ್‌ಪೋರ್ಟ್ ನವೀಕರಿಸಲು ಮೊನ್ನೆ ಫೋಟೋ ತೆಗೆಸಿಕೊಂಡೆ. "ಗಲ್ಲ ಸ್ವಲ್ಪ ಮೇಲೆ ಮೇಡಂ, ಅಲುಗಾಡ್ಬೇಡಿ" ಎಂದ ಸ್ಟುಡಿಯೋದವನು. ಬಂದದ್ದು ಯಾರೋ ಸಿಡುಕಿನ ಹೆಡ್‌ಮಿಸ್ಟ್ರೆಸ್ ಮುಖ. ನಿಮಗೂ ಹೀಗೆ ಆಗಿರುತ್ತದೆ ಬಿಡಿ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಇಂಥದೇ ಒಂದು ಫೋಟೋವನ್ನು ಅತ್ತೆ ಚಿಕ್ಕಮಗಳೂರಿನಲ್ಲಿ ತೆಗೆಸಿ, ಕಳಸದ ಕಡೆಯ ಒಂದು ಗಂಡಿನ ಮನೆಗೆ ಕಳಿಸಿದ್ದರು. ಅವರು ಅಪ್ಪನ ಅಕ್ಕ. ಅಪ್ಪ, ಅಮ್ಮ ಹೋದ ಮೇಲೆ ಬಣಕಲ್ ಹತ್ತಿರದ ತೋಟವನ್ನೂ ನನ್ನನ್ನೂ ನೋಡಿಕೊಂಡವರು. ನನ್ನ ಮದುವೆಯೊಂದೇ ಅವರಿಗೆ ಉಳಿದಿದ್ದ ಕೆಲಸ. ನನಗೆ ಉಳಿದಿದ್ದ ಕೆಲಸ ಬೆಂಗಳೂರಿನ ಪ್ರಯೋಗಾಲಯದಲ್ಲಿತ್ತು.

ಗಂಡಿನವರು ಬರುವ ದಿನ ಬೆಳಿಗ್ಗೆ ನಾನು ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿ, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬೀಜ, ಒಣಗಲು ಹರಡುತ್ತಿದ್ದಾಗ ಅತ್ತೆ ಕೇಳಿದರು: "ಅಲ್ಲ ಮಾರಾಯ್ತಿ, ನೀನು ಅಲ್ಲಿ ಮಾಡೋದಾದ್ರೂ ಎಂತ? ಅವ್ರು ಕೇಳಿದ್ರೆ ನಾನೆಂತ ಹೇಳ್ಲಿ?"

ಹೇಳಿದೆ. ಪ್ರೋಟೀನನ್ನು ಹರಳುಗಟ್ಟಿಸಿ ಎಕ್ಸ್-ರೇ ಹಾಯಿಸಿದರೆ ಒಂದೊಂದು ಪರಮಾಣುವಿನ ಜಾಗವೂ ತಿಳಿಯುತ್ತದೆ. ಆದರೆ ಅದು ಸ್ಟುಡಿಯೋದಲ್ಲಿ ಉಸಿರು ಬಿಗಿಹಿಡಿದು ನಿಂತ ಹಾಗೆ. ನಾನು ಅದನ್ನು ದ್ರಾವಣದಲ್ಲೇ ಬಿಟ್ಟು ಎಕ್ಸ್-ರೇ ಹಾಯಿಸುತ್ತೇನೆ. ಅಣುಗಳೆಲ್ಲ ಮನಸ್ಸಿಗೆ ಬಂದ ಕಡೆ ತಿರುಗುತ್ತಿರುತ್ತವೆ, ಕಿರಣ ಚದುರುತ್ತದೆ, ಕೊನೆಗೆ ಕೈಗೆ ಸಿಗುವುದು ಬರೀ ಒಂದು ಇಳಿಜಾರು ಗೆರೆ. ಅದರಿಂದಲೇ ಪ್ರೋಟೀನಿನ ಗಾತ್ರ, ಒಟ್ಟು ಆಕಾರ ಲೆಕ್ಕ ಹಾಕಬೇಕು. ನನ್ನ ಪ್ರೋಟೀನಿಗೆ ಎರಡು ದವಡೆಗಳಂಥ ಭಾಗಗಳು. ಸಕ್ಕರೆ ಹಿಡಿದಾಗ ಅದು ಬಾಯಿ ಮುಚ್ಚಿಕೊಂಡಿರುತ್ತದೆ. ಸಕ್ಕರೆ ಇಲ್ಲದಾಗ ತೆರೆದಿರುತ್ತದೆಯೇ? ಅದನ್ನಿನ್ನೂ ಅಳೆದಿರಲಿಲ್ಲ.

"ಸಕ್ಕರೆ ಕೊಟ್ರೆ ಯಾರಾದ್ರೂ ಬಾಯಿ ಮುಚ್ತಾರೆ" ಎಂದರು ಅತ್ತೆ.

ಗಂಡಿನವರು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ಅಪ್ಪನ ಹಳೇ ಶರ್ಟು ಹಾಕಿ ತಲೆಗೆ ಟವೆಲ್ ಸುತ್ತಿದ್ದ ನನ್ನನ್ನೇ ಹುಡುಗನ ತಾಯಿ, "ಹುಡ್ಗಿ ಒಳಗಿದಾಳೇನಮ್ಮ?" ಎಂದು ಕೇಳಿದರು. "ಇದಾಳೆ" ಎಂದವಳೇ ಹಿಂಬಾಗಿಲಿಂದ ಓಡಿ ಸೀರೆ ಉಟ್ಟೆ.

ಹುಡುಗ ಒಳ್ಳೆಯವನೇ. ಮಾತುಕತೆಯೂ ಚೆನ್ನಾಗಿಯೇ ಸಾಗಿತ್ತು. ಕಡುಬು ತಿನ್ನುತ್ತ ಅವನ ತಾಯಿ, "ಆ ಎಕ್ಸ್-ರೇ ಕೆಲ್ಸ ಮಾತ್ರ ಈಗ್ಲೇ ಬಿಡ್ಬೇಕು. ನಾಳೆ ಮಕ್ಳಾಗ್ಬೇಕಲ್ಲ" ಎಂದರು. ಕಿರಣ ಹೊರಗೆ ಬರದಂತೆ ಸೀಸದ ತಡೆ ಇರುತ್ತದೆ ಎಂದು ಹೇಳಿ ನೋಡಿದೆ. ಅವರು ಒಪ್ಪಲಿಲ್ಲ. ಅತ್ತೆಯ ಮುಖ ನೋಡಿದೆ. ಈ ಸಂಬಂಧಕ್ಕಾಗಿ ಅವರು ಎಷ್ಟು ಅಲೆದಿದ್ದರೆಂದು ನನಗೆ ಗೊತ್ತಿತ್ತು. ಅವರು ಹೂಂ ಅಂದರೆ ಇಲ್ಲ ಅನ್ನುವ ಧೈರ್ಯ ನನಗಿರಲಿಲ್ಲ.

ಅತ್ತೆ ಆಕೆಯ ತಟ್ಟೆಗೆ ಇನ್ನೊಂದು ಕಡುಬು ಹಾಕಿದರು. "ನೀವು ಬೇಜಾರು ಮಾಡ್ಕೋಬೇಡಿ. ಬಿಡೋಕಾಗಲ್ಲ. ಸಕ್ಕರೆ ಇಲ್ದಿದ್ರೆ ಅದು ಬಾಯಿ ತೆರೀತದಾ ಇಲ್ವಾ ಅಂತ ಅವಳಿನ್ನೂ ನೋಡ್ಲಿಲ್ಲ."

ಬಂದವರಿಗೆ ತಲೆಬುಡ ಅರ್ಥವಾಗಲಿಲ್ಲ. ಹೋದವರು ತಿರುಗಿ ಹೇಳಿ ಕಳಿಸಲೂ ಇಲ್ಲ. ನಾನು ಬೆಂಗಳೂರಿಗೆ ಹೊರಡುವವರೆಗೂ ಅತ್ತೆ ಮುಖ ಊದಿಸಿಕೊಂಡೇ ಇದ್ದರು. ಬಸ್ ಸ್ಟಾಪಿನಲ್ಲಿ "ಬೇಜಾರಾ ಅತ್ತೆ?" ಎಂದೆ. "ಬೇಜಾರೇ. ಹತ್ತು, ಬಸ್ಸು ಬಂತು" ಎಂದರು.

ಆ ಮಳೆಗಾಲದಲ್ಲಿ, ಸಕ್ಕರೆ ತೆಗೆದ ದ್ರಾವಣ ಅಳೆದಾಗ ಪ್ರೋಟೀನಿನ ಗಾತ್ರ ಹಿಗ್ಗಿರುವುದು ಗೊತ್ತಾಯಿತು. ಎಸ್‌ಟಿಡಿ ಬೂತಿನಿಂದ "ಅತ್ತೆ, ತೆರೆದಿದೆ!" ಎಂದು ಕೂಗಿದೆ.

"ಹೌದಾ? ಒಳ್ಳೇದಾಯ್ತು. ನೋಡಿ ಮುಗೀತಲ್ಲ? ಅತ್ತಿಗುಂಡಿ ಕಡೆಯದೊಂದು ಸಂಬಂಧ ಬಂದಿದೆ."

"ಇನ್ನೊಂದು ಪ್ರೋಟೀನ್ ಇದೆ ಅತ್ತೆ."

ಅವರು ಜೋರಾಗಿ ನಕ್ಕರು. ಆಮೇಲೆ ಪ್ರತಿ ಸಲ ಫೋನಿನಲ್ಲಿ ಮೊದಲ ಮಾತೇ "ಅದು ಮುಗೀತಾ?" ಎಂದು. ಅತ್ತೆ ಹೋಗಿ ವರ್ಷಗಳಾದವು. ಇನ್ನೊಂದು ಪ್ರೋಟೀನ್ ಈಗಲೂ ಇದ್ದೇ ಇದೆ. ಮುಗಿಯಿತಾ ಎಂದು ಕೇಳುವವರಿಲ್ಲ, ಅದೇ ಬೇಜಾರು.