ಹಿಮ ನೋಡದ ಕಾಕನ ಹಿಮದ ಸುದ್ದಿ

ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಜುಲೈ ಬಿಸಿಲಿದ್ದರೂ ಆಫೀಸಿನ ಒಳಗೆ ಕಾಕನ ತಲೆಯ ಮೇಲೆ ಮರೂನ್ ಬಣ್ಣದ ಉಣ್ಣೆಯ ಮಂಕಿಕ್ಯಾಪು ಇರುತ್ತಿತ್ತು. ಎರಡು ಕಿವಿಯನ್ನೂ ಪೂರ್ತಿ ಮುಚ್ಚಿ, ಗಲ್ಲದ ಕೆಳಗೆ ಮಡಚಿ, ಬಿಳಿ ಗಡ್ಡದ ಅರ್ಧ ಮಾತ್ರ ಹೊರಗೆ ಕಾಣುವಂತೆ. ಏಸಿಯ ಗಾಳಿ ನೇರವಾಗಿ ಅವರ ಕುರ್ಚಿಗೇ ಬಡಿಯುತ್ತಿತ್ತು. ಕುರ್ಚಿ ಸರಿಸಿ ಎಂದರೆ ಕಿಟಕಿ ತಪ್ಪಿಹೋಗುತ್ತದೆ ಎಂದು ಒಪ್ಪುತ್ತಿರಲಿಲ್ಲ. ಹಾಗೆ ಮುದುಡಿ ಕುಳಿತು ಅವರು ಬರೆಯುತ್ತಿದ್ದದ್ದು ಹಿಮದ ಸುದ್ದಿ. ಹೊಸದಾಗಿ ಸೇರಿದವರು ಆ ಟೋಪಿಯನ್ನು ಕೆಲಸಕ್ಕೆ ತಕ್ಕ ಸಮವಸ್ತ್ರ ಎಂದೇ ತಿಳಿಯುತ್ತಿದ್ದರು. ನಾನೂ ಮೊದಲ ವಾರ ಹಾಗೇ ತಿಳಿದಿದ್ದೆ.

ನಮ್ಮದು ದೋಹಾದ ಅಲ್ ಸದ್ದ್ ಬಡಾವಣೆಯ ಒಂದು ಕಟ್ಟಡದ ಮಹಡಿಯಲ್ಲಿದ್ದ ಸಣ್ಣ ಕಂಪನಿ. ಆಲ್ಪ್ಸ್ ಬೆಟ್ಟದ ಒಂದು ಸ್ಕೀ ಊರಿನಲ್ಲಿ ಮನೆ ಮಾಡಿಕೊಂಡಿದ್ದ ಕತಾರಿ ಕುಟುಂಬಗಳ ಪರವಾಗಿ ಆ ಮನೆಗಳನ್ನು ನೋಡಿಕೊಳ್ಳುವುದು ನಮ್ಮ ವ್ಯವಹಾರ. ಬೆಟ್ಟದಲ್ಲಿ ಒಬ್ಬ ಮೇಲ್ವಿಚಾರಕ, ದೋಹಾದಲ್ಲಿ ನಾವು. ಋತು ಬದಲಾದಾಗೆಲ್ಲ ಮನೆಯ ಒಡೆಯರಿಗೆ ಒಂದು ಸುದ್ದಿಪತ್ರ ಹೋಗಬೇಕು. ಹಿಮ ಎಷ್ಟು ಬಿತ್ತು, ಬೆಟ್ಟ ಹತ್ತಿಸುವ ತೂಗುಕುರ್ಚಿಗಳು ಯಾವಾಗ ಶುರು, ರಸ್ತೆಯ ಹಿಮ ತಳ್ಳುವ ಗಾಡಿ ಯಾವ ದಿನ ಬರುತ್ತದೆ, ಹೊಗೆಗೂಡು ಗುಡಿಸಲು ಯಾರಿಗೆ ಹೇಳಬೇಕು, ಕಸದ ಡಬ್ಬಿಗೆ ಚಿಲಕ ಹಾಕದಿದ್ದರೆ ನರಿ ಏನು ಮಾಡುತ್ತದೆ, ಇಂಥವು. ಮೇಲ್ವಿಚಾರಕ ಫೋನಿನಲ್ಲಿ ಹೇಳಿದ್ದನ್ನು ಕೇಳಿ ಕಾಕ ಬರೆಯುತ್ತಿದ್ದರು. ಕಾಕ ಕನ್ನಡ, ಬ್ಯಾರಿ, ಅರಬಿ ಎಲ್ಲ ಕಲಸಿ ಬರೆದದ್ದನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ. ಅರಬಿಯದನ್ನು ಅವರೇ ನೋಡಿಕೊಳ್ಳುತ್ತಿದ್ದರು.

ಆಫೀಸಿಗೆಲ್ಲ ಕಾಕನಾಗಿದ್ದ ಅವರು ಉಳ್ಳಾಲದ ಕಡೆಯವರು. ಕಡಲ ದಡದಲ್ಲಿ ಹುಟ್ಟಿ, ಪ್ರಾಯದಲ್ಲೇ ಕತಾರಿಗೆ ಬಂದು, ಬಿನ್ ಒಮ್ರಾನಿನ ಫ್ಲಾಟಿನಲ್ಲಿ ಮಕ್ಕಳನ್ನು ಬೆಳೆಸಿದವರು. ಅವರು ಕಂಡ ಅತಿ ದೊಡ್ಡ ಹಿಮರಾಶಿ ಎಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಂಡಿರುವುದು. ಆದರೂ ಹಿಮದ ಬಗ್ಗೆ ಅವರು ಮಾತಾಡುವ ಧೈರ್ಯ ನೋಡಬೇಕಿತ್ತು. ಮಾಡಿನ ಮೇಲೆ ಹಿಮದ ಭಾರ ಎಂದು ಮೇಲ್ವಿಚಾರಕ ಶುರುಮಾಡಿದರೆ ಸಾಕು, ಇವರು ನನ್ನತ್ತ ತಿರುಗಿ, "ನಮ್ಮಲ್ಲಿ ಮಳೆಗೆ ಮೊದಲು ಹಂಚು ಕೈಯಾಡಿಸುವುದಿಲ್ವಾ? ಅದೇ. ಎಂತ ದೊಡ್ಡ ವಿಷಯ!" ಎನ್ನುತ್ತಿದ್ದರು. ಸ್ಕೀ ಎಂದರೆ ಏನೆಂದು ಕೇಳಿದ್ದಕ್ಕೆ, "ಜಾರಿ ಬೀಳುವುದು ಮಾರಾಯ್ತಿ. ನಾವು ಪುಕ್ಕಟೆ ಬೀಳ್ತೇವೆ, ಅವರು ಬೂಟು ಹಾಕಿ ಬೀಳ್ತಾರೆ" ಎಂದಿದ್ದರು. ಅವರ ಪಕ್ಕದಲ್ಲಿ ಕೂತರೆ ಎಂಟು ಗಂಟೆ ಹೋದದ್ದೇ ತಿಳಿಯುತ್ತಿರಲಿಲ್ಲ. ನಾನು ಆಗಷ್ಟೇ ಮದುವೆಯಾಗಿ ಉಡುಪಿಯಿಂದ ಬಂದು ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಫ್ಲಾಟಿನಲ್ಲಿ ಗೋಡೆ ನೋಡುತ್ತ ಕುಳಿತಿದ್ದವಳು. ದೋಹಾ ನನಗೆ ಹಿಡಿಸಿದ್ದು ಕಾಕನಿಂದ, ಅದನ್ನು ಇಲ್ಲಿ ನೇರವಾಗಿಯೇ ಹೇಳಿಬಿಡುತ್ತೇನೆ.

ಅವರ ಒಂದು ಅಭ್ಯಾಸ ಮಾತ್ರ ನನ್ನ ತಾಳ್ಮೆ ಪರೀಕ್ಷಿಸುತ್ತಿತ್ತು. ಒಡೆಯರಿಗೆ ಫೋನು ಮಾಡಿದರೆ ವಿಷಯಕ್ಕೆ ಬರುವುದೇ ಇಲ್ಲ. ಸಲಾಂ, ಹೇಗಿದ್ದೀರಿ, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ, ತಾಯಿಯ ಮಂಡಿನೋವು ಹೇಗಿದೆ, ಮಗನ ಪರೀಕ್ಷೆ ಏನಾಯಿತು, ಒಂಟೆ ಮರಿ ಹಾಕಿತಾ. ಆ ಕಡೆಯವರೂ ಬಿಡುವುದಿಲ್ಲ, ಕಾಕನ ಹೆಂಡತಿಯ ಬಿಪಿಯಿಂದ ಹಿಡಿದು ಊರಿನ ಮಳೆಯವರೆಗೆ ವಿಚಾರಿಸುತ್ತಾರೆ. ಎಲ್ಲ ಮುಗಿದು, "ಅಲ್ ಹಮ್ದುಲಿಲ್ಲಾ" ಆದ ಮೇಲೆ, ಹೊರಡುವಾಗ ನೆನಪಾದಂತೆ ಕಾಕ ಕೆಲಸದ ಮಾತು ತೆಗೆಯುತ್ತಿದ್ದರು. ಅಷ್ಟು ಹೊತ್ತಿಗೆ ನನ್ನ ಚಹಾ ತಣ್ಣಗಾಗಿರುತ್ತಿತ್ತು.

ಈಗ ಹೀಟರಿನ ಕತೆ ಹೇಳಬೇಕು. ದೋಹಾದಲ್ಲಿ ಬಾಳಿದವರಿಗೆ ಇದು ಗೊತ್ತು. ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕಿನ ನೀರೇ ಕುದಿಯುತ್ತಿರುತ್ತದೆ. ಬಚ್ಚಲಿನ ಹೀಟರನ್ನು ಆರಿಸಿಟ್ಟು, ಅದರ ಹೊಟ್ಟೆಯಲ್ಲಿ ತಣಿದ ನೀರನ್ನು ನಾವು ತಣ್ಣೀರೆಂದು ಬಳಸುತ್ತೇವೆ. ರಜೆಗೆ ಊರಿಗೆ ಹೊರಟಾಗಲಂತೂ ಪೆಟ್ಟಿಗೆ ಲಿಫ್ಟಿನೊಳಗೆ ಹೋದ ಮೇಲೂ ಯಾರಾದರೊಬ್ಬರು ಓಡಿಬಂದು ನೋಡುವುದು ಹೀಟರ್ ಆಫ್ ಆಗಿದೆಯೋ ಎಂದೇ. ಇದು ಇಲ್ಲಿನವರ ಮೈಗೆ ಹತ್ತಿದ ಬುದ್ಧಿ. ಆ ವರ್ಷ ಡಿಸೆಂಬರಿನ ಸುದ್ದಿಪತ್ರದಲ್ಲಿ, ಹೊಸ ವರ್ಷದ ರಜೆ ಮುಗಿಸಿ ಬೆಟ್ಟದ ಮನೆ ಬಿಡುವವರಿಗಾಗಿ ಕಾಕ ಒಂದು ಸಾಲು ಸೇರಿಸಿದರು. ಕಿಟಕಿ ಮುಚ್ಚಿ, ಕಸ ತೆಗೆಯಿರಿ, ಹೀಟರ್ ಆರಿಸಿ ಹೊರಡಿ. ನಾನು ಅದನ್ನು ಇಂಗ್ಲಿಷಿಗೆ ತಂದೆ. ಮ್ಯಾನೇಜರು ಓದಿ ಒಪ್ಪಿದರು. ಒಡೆಯರೂ ಓದಿ, ಸರಿಯಾಗೇ ಇದೆಯಲ್ಲ ಎಂದು ಹಾಗೇ ಮಾಡಿದರು. ದೋಹಾದ ನೀರು ಕುಡಿದ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಜನವರಿಯ ಒಂದು ಗುರುವಾರ ಮಧ್ಯಾಹ್ನ ಬೆಟ್ಟದ ಮೇಲ್ವಿಚಾರಕನ ಫೋನು ಬಂತು. ಮನುಷ್ಯ ಅರಚುತ್ತಿದ್ದ. ಹೊರಗಿನ ಮೀಟರು ನೋಡಿದರೆ ಒಂದು ಮನೆಯೂ ಒಳಗೆ ಬೆಚ್ಚಗಿಲ್ಲ, ಬೆಚ್ಚಗಿಡುವ ಯಂತ್ರ ಆರಿಸಿ ಹೋಗಲು ಯಾರು ಹೇಳಿದ್ದು? ಇಂದು ರಾತ್ರಿ ಭಾರೀ ಚಳಿ ಬೀಳುತ್ತದೆ. ಗೋಡೆಯೊಳಗಿನ ಪೈಪಿನ ನೀರು ಹೆಪ್ಪುಗಟ್ಟಿ ಪೈಪು ಒಡೆದರೆ, ಆಮೇಲೆ ಆ ಮಂಜುಗಡ್ಡೆ ಕರಗುವಾಗ ಮನೆಗೆ ಮನೆಯೇ ನೆನೆದುಹೋಗುತ್ತದೆ. ಒಳಗೆ ಹೋಗಿ ಹಚ್ಚಲು ಅವನು ಸಿದ್ಧ. ಆದರೆ ಬಾಗಿಲಿಗೆ ಒತ್ತುವ ಗುಟ್ಟಿನ ಸಂಖ್ಯೆಯನ್ನು ಒಡೆಯರೇ ಇಟ್ಟುಕೊಂಡಿರುತ್ತಾರೆ, ಅವರು ಹೇಳದೆ ಒಳಗೆ ಕಾಲಿಡುವಂತಿಲ್ಲ.

ಕಾಕ ಮಂಕಿಕ್ಯಾಪು ತೆಗೆದು ಮೇಜಿನ ಮೇಲಿಟ್ಟರು. ಅವರ ಬೋಳುತಲೆ ನಾನು ನೋಡಿದ್ದು ಅದೇ ಮೊದಲು.

"ನನ್ನದೇ ತಪ್ಪು" ಎಂದರು.

"ಕಾಕಾ, ಯಾರಿಗೂ ಗೊತ್ತಾಗ್ಲಿಲ್ಲ ಅಲ್ವಾ?"

"ಬರೆದದ್ದು ಯಾರು? ನಾನಲ್ವಾ? ಅವರು ನಾನು ಹೇಳಿದೆ ಅಂತ ನಂಬಿ ಆರಿಸಿದ್ದು. ಯಲ್ಲಾ, ನಡಿ, ಫೋನ್ ತೆಗಿ."

ಒಳಗಿನಿಂದ ಬಂದ ಮ್ಯಾನೇಜರು, ಯಂತ್ರದಲ್ಲಿ ಏನೋ ತಾಂತ್ರಿಕ ತೊಂದರೆ ಎಂದು ಹೇಳಿ ಸಂಖ್ಯೆ ಕೇಳಿದರೆ ಸಾಕು ಎಂದರು. ಕಾಕ ಅವರ ಮಾತಿಗೆ ತಲೆಯಾಡಿಸಿದರು, ಆದರೆ ಪಾಲಿಸಲಿಲ್ಲ. ಮೊದಲನೆಯ ಒಡೆಯರಿಗೆ ಫೋನು ಹಚ್ಚಿ ಎಂದಿನಂತೆ ಸಲಾಂ, ಕ್ಷೇಮ, ತಾಯಿಯ ಮಂಡಿ ಎಂದು ಶುರುಮಾಡಿದರು. ನನಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಬೆಟ್ಟದಲ್ಲಿ ರಾತ್ರಿ ಹತ್ತಿರವಾಗುತ್ತಿದೆ, ಇಲ್ಲಿ ಒಂಟೆಯ ಆರೋಗ್ಯ ವಿಚಾರಣೆ! ಕೈಸನ್ನೆಯಲ್ಲಿ ಬೇಗ ಬೇಗ ಎಂದೆ. ಅವರು ಫೋನಿಗೆ ಅಂಗೈ ಮುಚ್ಚಿ ನನ್ನನ್ನು ಗದರಿದರು.

"ಮನೆ ಅವರದ್ದು ಮಾರಾಯ್ತಿ. ಬೆಂಕಿ ಬಿದ್ದವರ ಹಾಗೆ ನುಗ್ಗಿದ್ರೆ ಬಾಗಿಲು ಹಾಕ್ತಾರೆ. ಸಲಾಂ ಹೇಳಿ ನಿಂತ್ರೆ ಅವರೇ ತೆಗೀತಾರೆ."

ಕ್ಷೇಮಸಮಾಚಾರ ಮುಗಿದ ಕೂಡಲೇ ಅವರು ಒಂದೇ ಉಸಿರಿಗೆ, ನಾನು ತಪ್ಪು ಬರೆದೆ, ನೀವು ನಂಬಿ ಆರಿಸಿದಿರಿ, ಈಗ ಬಾಗಿಲು ತೆರೆಯಲು ಅಪ್ಪಣೆ ಕೊಡಿ ಎಂದುಬಿಡುತ್ತಿದ್ದರು. ಒಬ್ಬರೂ ಮರುಪ್ರಶ್ನೆ ಹಾಕಲಿಲ್ಲ. ಕೆಲವರು ನಕ್ಕರು. ಒಬ್ಬರು, ನಾನೂ ಅಲ್ಲಿಂದ ಹೊರಡುವಾಗ ಹಿಂದಿರುಗಿ ಹೋಗಿ ಆರಿಸಿ ಬಂದೆ ಎಂದು ಹೆಮ್ಮೆಯಿಂದ ಹೇಳಿದರು. ಒಂದೊಂದೇ ಮನೆಯ ಬಾಗಿಲು ಬೆಟ್ಟದಲ್ಲಿ ತೆರೆಯುತ್ತ ಹೋಯಿತು. ಒಂದು ಮನೆ ಮಾತ್ರ ಉಳಿಯಿತು.

ಅದು ಉಮ್ಮನ ಮನೆ. ದೊಡ್ಡ ಕುಟುಂಬದ ಹಿರಿಯಜ್ಜಿ. ಗಂಡ ಬದುಕಿದ್ದಾಗ ಆಕೆಗೆಂದೇ ಕೊಂಡ ಮನೆ ಅದು. ಗಂಡನ ಚಿತ್ರಗಳು, ಆತ ಕೆತ್ತಿಸಿದ ಮರದ ಮಂಚ, ಎಲ್ಲ ಅಲ್ಲೇ ಇದ್ದವು. ಅಲ್ಲಿಗೆ ಹೋದಾಗ ಮಾತ್ರ ಅವರು ಇನ್ನೂ ಜೊತೆಗಿದ್ದಾರೆ ಅನಿಸುತ್ತದೆ ಎಂದು ಆಕೆ ಕಾಕನ ಬಳಿ ಹೇಳಿಕೊಂಡಿದ್ದಳು. ಬಾಗಿಲಿನ ಸಂಖ್ಯೆ ಮಕ್ಕಳಿಗೂ ಗೊತ್ತಿಲ್ಲ. ಫೋನು ಎತ್ತಿದ ಮನೆಯ ಡ್ರೈವರ್, ಕಾಸರಗೋಡಿನವನು, ಉಮ್ಮ ಮೊಮ್ಮಕ್ಕಳ ಜೊತೆ ಮರುಭೂಮಿಯ ಕ್ಯಾಂಪಿಗೆ ಹೋಗಿದ್ದಾರೆ, ಅಲ್ಲಿ ದಿಬ್ಬದ ಹಿಂದೆ ಯಾರ ಫೋನೂ ಹತ್ತುವುದಿಲ್ಲ ಎಂದ. ಕತಾರಿನವರು ಚಳಿಗಾಲ ಬಂತೆಂದರೆ ಮರಳಿನಲ್ಲಿ ಡೇರೆ ಹಾಕಿ ವಾಸ ಮಾಡುತ್ತಾರಲ್ಲ, ಹಾಗೆ.

ನನ್ನ ಕಾರಿನಲ್ಲೇ ಹೊರಟೆವು. ಡಾಂಬರು ಮುಗಿದಲ್ಲಿ ಡ್ರೈವರ್ ಲ್ಯಾಂಡ್ ಕ್ರೂಸರ್ ತಂದು ಕಾಯುತ್ತಿದ್ದ. ಅದು ದಿಬ್ಬ ಹತ್ತಿ ಆಚೆ ಜಾರುತ್ತ ಇಳಿಯಿತು. ಕಾಕ ಸೀಟು ಹಿಡಿದುಕೊಂಡು, "ಇದೇ ಸ್ಕೀ ಅಂತ ಕಾಣ್ತದೆ" ಎಂದರು. ಅಷ್ಟು ಕಳವಳದಲ್ಲೂ ನಗು ಬಂತು.

ಉಮ್ಮ ಡೇರೆಯ ಮುಂದೆ ಬೆಂಕಿಯ ಬಳಿ ಕಂಬಳಿ ಹೊದ್ದು ಕುಳಿತಿದ್ದಳು. ಕಾಕನನ್ನು ಕಂಡು ಮುಖ ಅರಳಿತು. ಗಹ್ವಾ ಎಂಬ ಅರಬಿ ಕಾಫಿ ಬಂತು, ಖರ್ಜೂರ ಬಂತು. ಕುಳಿತು ಕ್ಷೇಮಸಮಾಚಾರ ಶುರುವಾಯಿತು. ಈ ಸಲ ನಾನು ಬೇಗ ಎನ್ನಲಿಲ್ಲ. ಕಡೆಗೆ ಕಾಕ ಬಟ್ಟಲು ಕೆಳಗಿಟ್ಟರು.

"ಉಮ್ಮಾ, ನಾನು ನಿಮಗೆ ತಪ್ಪು ಹೇಳಿದೆ. ನಿಮ್ಮ ಮನೆ ಇವತ್ತು ಹಾಳಾದರೆ ನನ್ನಿಂದ" ಎಂದು ಅರಬಿಯಲ್ಲಿ ಎಲ್ಲ ಹೇಳಿದರು. ಹಿಮ ನೋಡದವನು ಹಿಮದ ಬಗ್ಗೆ ಬರೆದೆ, ನಮ್ಮ ಬಿನ್ ಒಮ್ರಾನಿನ ಬಚ್ಚಲಿನ ಬುದ್ಧಿಯನ್ನು ಆ ಬೆಟ್ಟಕ್ಕೆ ಕಳಿಸಿದೆ ಎಂದರು. ಕಣ್ಣು ತುಂಬಿತ್ತು.

ಉಮ್ಮ ಅವರತ್ತ ಬಗ್ಗಿದಳು. "ನೀನು ಹಿಮ ನೋಡಿಯೇ ಇಲ್ಲವಾ?" ಎಂದಳು. ಇಲ್ಲ ಎಂದರು. ಆಕೆಗೆ ನಗು ಶುರುವಾದದ್ದು ನಿಲ್ಲಲೇ ಇಲ್ಲ. ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಂಡು ನಕ್ಕಳು. ಇಷ್ಟು ವರ್ಷ ನೀನು ಆ ಊರಿನಲ್ಲಿ ಹುಟ್ಟಿದವನ ಹಾಗೆ ನನಗೆ ಬೂಟು ಒಣಗಿಸುವುದನ್ನೂ ಕಲಿಸಿದೆಯಲ್ಲೋ ಎಂದಳು. ಆಮೇಲೆ ಯಲ್ಲಾ ಎಂದು ಎದ್ದು ತಾನೇ ಗಾಡಿ ಹತ್ತಿದಳು. ಸಿಗ್ನಲ್ ಸಿಗುವ ದಿಬ್ಬದ ತಲೆಗೆ ಎಲ್ಲರೂ ಹೋದೆವು. ಮೇಲ್ವಿಚಾರಕ ಫೋನಿಗೆ ಸಿಕ್ಕ. ಸಂಖ್ಯೆ ಹೇಳುವ ಮೊದಲು ಉಮ್ಮ ನಮ್ಮ ಕಡೆ ತಿರುಗಿ, ಎಲ್ಲರೂ ಕಿವಿ ಮುಚ್ಚಿ ಎಂದಳು. ಮರಳಿನ ಮೇಲೆ ಕಾಕ, ಡ್ರೈವರ್, ನಾನು ಮೂವರೂ ಕಿವಿ ಮುಚ್ಚಿ ಕತಾರಿನ ಸೂರ್ಯ ಮುಳುಗುವುದನ್ನು ನೋಡುತ್ತ ನಿಂತೆವು.

ಮೇಲ್ವಿಚಾರಕ ಒಳಗೆ ಹೋಗಿ ಫೋನು ಮಾಡುವವರೆಗೆ ಉಮ್ಮ ದಿಬ್ಬ ಇಳಿಯಲಿಲ್ಲ. ಕಾಕ ತುಟಿಯಲ್ಲೇ ದುವಾ ಹೇಳುತ್ತಿದ್ದರು. ಫೋನು ಹೊಡೆದುಕೊಂಡಾಗ ನಾನೇ ಎತ್ತಿದೆ. ಹೀಟರ್ ಹಚ್ಚಿದೆ, ಪೈಪಿನ ನೀರು ಇನ್ನೂ ಗಟ್ಟಿಯಾಗಿರಲಿಲ್ಲ, ಅಡುಗೆಮನೆಯ ನಲ್ಲಿಯಲ್ಲಿ ನೀರು ಬರುತ್ತಿದೆ ಎಂದು ಅವನು ಹೇಳಿದ. ನಾನು ಅದನ್ನು ಕೂಗಿ ಹೇಳಿದೆ. ಕಾಕ ಮರಳಿನ ಮೇಲೆ ಕುಳಿತುಬಿಟ್ಟರು, ಆಮೇಲೆ ಅಲ್ಲೇ ನಮಾಜಿಗೆ ನಿಂತರು. ಆ ಸಂಜೆ ಉಮ್ಮ ನಮ್ಮನ್ನು ಊಟ ಮಾಡದೆ ಬಿಡಲಿಲ್ಲ. ನನ್ನ ತಟ್ಟೆಯ ಅನ್ನ ಮುಗಿದಂತೆಲ್ಲ ಮೊಮ್ಮಗಳು ಬಡಿಸುತ್ತಲೇ ಇದ್ದಳು. ನಾನು ಬೇಡ ಎಂದದ್ದನ್ನು ಕಾಕ ಅರಬಿಯಲ್ಲಿ ಇನ್ನೂ ಸ್ವಲ್ಪ ಎಂದು ಹೇಳುತ್ತಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು.

ಮುಂದಿನ ಸುದ್ದಿಪತ್ರದಲ್ಲಿ ಪರಿಷ್ಕೃತ ಸೂಚನೆ ಎಂದಷ್ಟೇ ಹಾಕಿ ಎಂದರು ಮ್ಯಾನೇಜರು. ಕಾಕ ನನ್ನಿಂದ ಬರೆಸಿದ್ದು ಹೀಗೆ: "ಕಳೆದ ಸಲ ನಾನು ತಪ್ಪು ಬರೆದಿದ್ದೆ. ಹೀಟರ್ ಆರಿಸಬೇಡಿ. ಆರಿಸಿದ್ದರೆ ಮೊದಲು ಹಚ್ಚಿ, ಆಮೇಲೆ ಫೋನು ಮಾಡಿ ನನಗೆ ಬೈಯಿರಿ." ಮ್ಯಾನೇಜರು ಹಣೆ ಒತ್ತಿಕೊಂಡರು. ಆ ವಾರವೆಲ್ಲ ಫೋನು ಬಂದದ್ದೇ ಬಂದದ್ದು. ಬೈಯಲು ಒಬ್ಬರೂ ಮಾಡಿರಲಿಲ್ಲ. ಎಲ್ಲರಿಗೂ ಕಾಕನ ಹೆಂಡತಿಯ ಬಿಪಿ ಹೇಗಿದೆ ಎಂದು ಕೇಳಬೇಕಿತ್ತು.

ಮನೆಯವರ ಜೊತೆ ನೀನೂ ಬಾ, ಹಿಮ ತೋರಿಸುತ್ತೇನೆ ಎಂದು ಉಮ್ಮ ಪ್ರತಿವರ್ಷ ಕರೆಯುತ್ತಿದ್ದಳು. ಕಾಕ ಹೋಗಲೇ ಇಲ್ಲ. "ಬರೆಯುವುದು ನಾನು, ನಡುಗುವುದು ನೀವು. ಹಾಗೇ ಇರ್ಲಿ" ಎನ್ನುತ್ತಿದ್ದರು. ಇಲ್ಲಿನ ಕೆಲಸ ಖಲಾಸ್ ಮಾಡಿ ಊರಿಗೆ ಹೋದ ಮೇಲೂ ನನಗೆ ಫೋನು ಮಾಡಿ ಆಲ್ಪ್ಸ್‌ನಲ್ಲಿ ಹಿಮ ಬಿತ್ತಾ ಎಂದು ಕೇಳುತ್ತಿದ್ದರು. ಕಳೆದ ಮಳೆಗಾಲದಲ್ಲಿ, ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿದ್ದ ಮನೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಈಗ ಅವರ ಕುರ್ಚಿ ನನ್ನದು. ಸುದ್ದಿ ತಿಳಿದು ಉಮ್ಮ ಫೋನು ಮಾಡಿದಳು. ನನ್ನ ಹರುಕು ಅರಬಿಯಲ್ಲಿ ಕಾಕ ಹೋದ ಬಗೆ ಹೇಳಿದೆ. ಆಕೆ ಎಲ್ಲ ಕೇಳಿಸಿಕೊಂಡು, "ಇನ್ನು ಮೇಲೆ ಹೀಟರ್ ವಿಷಯ ನನಗೆ ಯಾರು ಹೇಳುತ್ತಾರೆ?" ಎಂದು ಕೇಳಿದಳು.

"ನಾನು ಹೇಳ್ತೇನೆ, ಉಮ್ಮಾ."

"ಹೇಳು ನೋಡೋಣ."

ನಾನು ಕಣ್ಣೊರೆಸಿಕೊಂಡೆ. ಕುರ್ಚಿಯಲ್ಲಿ ಸರಿಯಾಗಿ ಕುಳಿತೆ.

"ಅಸ್ಸಲಾಮು ಅಲೈಕುಂ, ಉಮ್ಮಾ. ಹೇಗಿದ್ದೀರಿ? ಮೊಮ್ಮಕ್ಕಳು ಹೇಗಿದ್ದಾರೆ?" ಎಂದು ಶುರುಮಾಡಿದೆ. ಆ ಕಡೆಯಿಂದ ಆಕೆ ನಗುವುದು ಕೇಳಿಸಿತು.