ಜೈನಬ್ ಆಪಾ ಆರಿಸಿದ ಪಾನಾಗಳು

ಜೈನಬ್ ಆಪಾ ಅವರ ಕೈಯಿಂದ ಯಾವಾಗಲೂ ಎರಡು ವಾಸನೆ ಒಟ್ಟಿಗೆ ಬರುತ್ತಿದ್ದವು. ಒಂದು ಮದರಂಗಿಯದು, ಇನ್ನೊಂದು ಗ್ರೀಸಿನದು. ಅಂಗೈಯ ನಡುವೆ ಕೆಂಪು ಚಂದ್ರ, ಉಗುರುಗಳ ಸಂದಿಯಲ್ಲಿ ಕಪ್ಪು ಗೆರೆ. ಗಂಡ ಹೋದವಳಿಗೆ ಮದರಂಗಿ ಯಾಕೆ ಎಂದು ಅವರ ಬಳಗದ ಹೆಂಗಸರು ಗೊಣಗಿದರೆ, "ಸೀಮೆಎಣ್ಣೇಲಿ ಕೈ ತೊಳ್ದು ತೊಳ್ದು ಬಿರುಕು ಬಿಟ್ಟೈತೆ. ತಂಪಾಗ್ಲಿ ಅಂತ ಹಚ್ತೀನಿ" ಎನ್ನುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಯಾರಿಗೂ ಕೇಳದ ಹಾಗೆ, "ಚೆನ್ನಾಗೂ ಕಾಣ್ತದಲ್ಲ ಕಣೇ" ಎಂದು ನಗುತ್ತಿದ್ದರು.

ಐವತ್ತರ ದಶಕದ ಕೊನೆಯ ವರ್ಷಗಳು. ದಿಬ್ಬೂರಹಳ್ಳಿಯ ಹುಡುಗಿಯಾದ ನಾನು ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದಿದ್ದೆ. ನನ್ನ ಯಜಮಾನರಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸ. ನಮ್ಮ ಬಾಡಿಗೆ ಮನೆಯ ಹಿತ್ತಿಲಿಗೂ ಆಪಾ ಅವರ ಅಂಗಳಕ್ಕೂ ನಡುವೆ ಒಂದು ಮೋಟು ಗೋಡೆ. ಗೋಡೆಯಾಚೆ ಅವರ ಮನೆಯವರ ರೇಷ್ಮೆ ನೂಲು ಬಿಚ್ಚುವ ಒಲೆಗಳು. ಬೆಳಗಾಗುತ್ತಲೇ ಗೂಡು ಬೇಯುವ ಆವಿ ಎದ್ದು ಇಡೀ ಅಂಗಳವನ್ನು ತುಂಬಿಕೊಳ್ಳುತ್ತಿತ್ತು. ಬಿಸಿಲು ಏರಿದ ಹಾಗೆ ಆವಿ ತೆಳುವಾಗಿ, ಅದರ ಒಳಗಿನಿಂದ ಮೊದಲು ಹೊಂಗೆಮರ, ಆಮೇಲೆ ಮರದಡಿಯ ಕಾರು ಮೆಲ್ಲಗೆ ಮೂಡಿಕೊಳ್ಳುತ್ತಿದ್ದವು. ಕಪ್ಪು ಬಣ್ಣದ, ಜೀರುಂಡೆಯ ಬೆನ್ನಿನಂಥ ಪುಟ್ಟ ಕಾರು. ಹೊಂಗೆ ಹೂ ಬಿಡುವ ಕಾಲದಲ್ಲಿ ಅದರ ನೆತ್ತಿಯ ತುಂಬ ಯಾರೋ ಕಡಲೆಪುರಿ ಚೆಲ್ಲಿದ ಹಾಗಿರುತ್ತಿತ್ತು.

ಆ ಕಾರನ್ನು ಕೊಂಡವರು ಆಪಾ ಅವರ ಗಂಡ ಇಬ್ರಾಹಿಂ ಸಾಹೇಬರು. ಬೆಂಗಳೂರಿನ ದಂಡಿನಲ್ಲಿದ್ದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಿದ್ದಂತೆ. ಸಾಹೇಬರಿಗೆ ಅದನ್ನು ಓಡಿಸುವುದಕ್ಕಿಂತ ಬಿಚ್ಚುವುದರಲ್ಲೇ ಹೆಚ್ಚು ಸುಖ. ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿಕೊಂಡು ಕಾರಿನಡಿ ನುಸುಳಿದರೆ ಸಂಜೆ ನಮಾಜಿನ ಹೊತ್ತಿಗೇ ಹೊರಗೆ. ಆಪಾ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿರುತ್ತಿದ್ದರು.

"ಹೆಸರು ಹೇಳಿ ಕೇಳ್ತಾನೇ ಇರಲಿಲ್ಲ ಅವರು," ಎಂದು ಆಪಾ ನೆನೆಯುತ್ತಿದ್ದರು. "ಕಾರಿನ ಕೆಳಗಿಂದ ಕೈ ಮಾತ್ರ ಬರೋದು. ಬೆರಳು ಹಿಂಗೆ ಮಡಿಸಿದ್ರೆ ಸಣ್ಣ ಪಾನಾ, ಹಿಂಗೆ ಅಗಲ ಮಾಡಿದ್ರೆ ದೊಡ್ಡದು. ಇಟ್ರೆ ಕೈ ಒಳಗೆ ಹೋಗೋದು. ತಪ್ಪು ಇಟ್ರೆ ಅಲ್ಲೇ ನಿಂತಿರೋದು."

ಪಾನಾ ಎಂದರೆ ನಟ್ಟು ತಿರುಗಿಸುವ ಸ್ಪ್ಯಾನರು. ಹಾಗೆ ಕೊಡುತ್ತ ಕೊಡುತ್ತಲೇ ಆ ಕಾರಿನ ವಿದ್ಯೆಯೆಲ್ಲ ಆಪಾ ಅವರ ಬೆರಳಿಗೆ ಇಳಿದಿತ್ತು. ನಾನು ಪಕ್ಕದ ಮನೆಗೆ ಬರುವ ಹೊತ್ತಿಗೆ ಸಾಹೇಬರು ತೀರಿಕೊಂಡಿದ್ದರು. ಅವರ ಪಾನಾ ಮುಂತಾದ ಸಾಮಾನುಗಳನ್ನು ಒಬ್ಬೊಬ್ಬರು ಒಂದೊಂದು ಬೇಕೆಂದು ಕೇಳಿಕೊಂಡು ಹೋಗಿ, ಯಾವುದೂ ಹಿಂದಕ್ಕೆ ಬಂದಿರಲಿಲ್ಲ. ಕಾರು ಓಡಿಸುತ್ತಿದ್ದವನು ಮೈದುನ ಗೌಸ್. ಒಳ್ಳೆಯ ಮನುಷ್ಯ, ಆದರೆ ಸ್ಟಿಯರಿಂಗು ಹಿಡಿಯುವುದೊಂದು ಬಿಟ್ಟರೆ ಕಾರಿನ ಬಗ್ಗೆ ಅವನಿಗೆ ಏನೂ ತಿಳಿಯದು. ಕೆಟ್ಟಾಗಲೆಲ್ಲ ಚಿಕ್ಕಬಳ್ಳಾಪುರದಿಂದ ಮೆಕಾನಿಕ್ಕನ್ನು ಕರೆಸಿ ಕರೆಸಿ ಬೇಸತ್ತು, ಕೊನೆಗೆ ಚಿಂತಾಮಣಿಯ ಒಬ್ಬರಿಗೆ ಮಾರುವುದೆಂದು ಮಾತಾಡಿಬಿಟ್ಟ. ಅವರು ನೋಡಲು ಬಂದ ದಿನ ನಾನು ಗೋಡೆಯ ಈಚೆ ಬಟ್ಟೆ ಒಣಗಹಾಕುತ್ತಿದ್ದೆ. ಪರದೆಯ ಹಿಂದಿನಿಂದ ಆಪಾ ಅವರ ಮಾತು ಕೇಳಿತು.

"ಗೌಸ್, ದಾರೀಲಿ ನಿಂತು, ಎತ್ತು ಕಟ್ಟಿ ಮನೆಗೆ ಎಳ್ಕೊಂಡು ಬರೋ ದಿನ ಬಂದ್ರೆ ಮಾರಿಬಿಡು, ನಾ ಬಾಯಿ ಬಿಡಲ್ಲ. ಅಲ್ಲೀವರೆಗೂ ನೋಡ್ಕೊಳ್ಳೋಳು ನಾನು."

"ನೀವಾ ಭಾಭಿ?"

"ಹ್ಞೂಂ, ನಾನೇ."

ಬಂದವರು ಚಹಾ ಕುಡಿದು ಹೊರಟುಹೋದರು. ಮರುದಿನ ಗೋಡೆಯ ಮೇಲೆ ಆಪಾ ಅವರ ಮುಖ ಕಾಣಿಸಿತು. "ಬೇಟಿ, ನಿನಗೆ ಇಂಗ್ಲಿಷ್ ಅಂಕಿ ಓದಕ್ಕೆ ಬರುತ್ತಲ್ಲ? ಚಿಕ್ಕಬಳ್ಳಾಪುರಕ್ಕೆ ಹೋಗಣ ಬಾ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವರು, ಅವರ ಪಕ್ಕ ನಾನು. ನಂದಿಬೆಟ್ಟ ನೀಲಿಯಾಗಿ, ನೀರಿನಲ್ಲಿ ಅದ್ದಿ ತೆಗೆದ ಹಾಗೆ, ನಮ್ಮ ಜೊತೆಗೇ ಬರುತ್ತಿತ್ತು. ಆಪಾ ಮಡಿಲಲ್ಲಿ ಒಂದು ಬಟ್ಟೆಯ ಸಂಚಿ ಹಿಡಿದುಕೊಂಡಿದ್ದರು. ಅಂಗಡಿಯಲ್ಲಿ ಅದನ್ನು ಬಿಚ್ಚಿದಾಗ ಒಳಗೆ ನಟ್ಟುಗಳು! ಎರವಲು ತಂದ ಪಾನಾಗಳಿಂದ ಕಾರಿನ ಬೇರೆ ಬೇರೆ ಕಡೆಯಿಂದ ಒಂದೊಂದನ್ನು ಬಿಚ್ಚಿ, ತೊಳೆದು ತಂದಿದ್ದರು.

ಕಬ್ಬಿಣದ ಅಂಗಡಿಯ ಶೆಟ್ಟರು ಬುರ್ಖಾದೊಳಗಿನ ಗಿರಾಕಿಯನ್ನೂ ಪಕ್ಕದಲ್ಲಿ ನಿಂತ ನನ್ನನ್ನೂ ನೋಡಿ, ಫಳಫಳ ಹೊಳೆಯುವ ದೊಡ್ಡ ಪೆಟ್ಟಿಗೆಯೊಂದನ್ನು ತಂದಿಟ್ಟರು. "ತೀಸ್ಕೋಮ್ಮಾ, ತಗೊಳ್ಳಿ, ಇದರಾಗೆ ಎಲ್ಲಾ ಅದೆ. ಬೇರೆ ಏನೂ ಬೇಡ."

ಆಪಾ ಪೆಟ್ಟಿಗೆಯನ್ನು ಮೆತ್ತಗೆ ಪಕ್ಕಕ್ಕೆ ಸರಿಸಿದರು. "ಎಲ್ಲಾ ಬೇಡ ಶೆಟ್ರೇ. ನಮ್ಮ ಗಾಡೀಗೆ ಬೇಕಾದ್ದು ಸಾಕು."

ಬಳೆ ಆರಿಸುವ ಹಾಗೆ ಆರಿಸಿದರು. ಒಂದೊಂದು ಪಾನಾವನ್ನೂ ತೆಗೆದುಕೊಂಡು, ಅಂಗೈಯಲ್ಲಿ ತೂಗಿ, ಅದಕ್ಕೆ ಸರಿಯಾದ ನಟ್ಟನ್ನು ಅದರ ಬಾಯಿಗೆ ಕೊಟ್ಟು ಅಲ್ಲಾಡಿಸಿ ನೋಡಿದರು. ಕೊಂಚ ಸಡಿಲವಿದ್ದರೂ ಹಿಂದಕ್ಕೆ. "ಸಡಿಲ ಪಾನಾ ನಟ್ಟಿನ ಮೂಲೆ ತಿಂದುಬಿಡ್ತದೆ. ಆಮೇಲೆ ಯಾವ ಪಾನಾನೂ ಹಿಡಿಯಲ್ಲ," ಎಂದು ನನಗೆ ಹೇಳಿಕೊಟ್ಟರು. ಹಿಡಿಸಿದ್ದರ ಮೇಲಿನ ಅಂಕಿಯನ್ನು ನಾನು ಓದಬೇಕು. ಮುಂದೆಂದಾದರೂ ಕಳೆದರೆ ಅದೇ ಅಳತೆಯದು ಕೇಳಬೇಕಲ್ಲ, ಅದಕ್ಕೆ. ಶೆಟ್ಟರು ಬಾಯಿ ಹಿಗ್ಗಿಸುವ, ಕುಗ್ಗಿಸುವ ತಿರುಪಿನ ಪಾನಾವೊಂದನ್ನು ಮುಂದಿಟ್ಟು, "ಇದು ಒಂದಿದ್ರೆ ಎಲ್ಲಾ ನಟ್ಟಿಗೂ ಆಗ್ತದಮ್ಮಾ" ಎಂದರು. ಆಪಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಮ್ಮ ಗೌಸ್ ಥರಾನೇ ಐತೆ. ಎಲ್ಲಾದಕ್ಕೂ ಹ್ಞೂಂ ಅಂತದೆ, ಬಿಗಿ ಹಿಡಿಯೋ ಹೊತ್ತಿಗೆ ಜಾರ್ತದೆ" ಎಂದರು. ಶೆಟ್ಟರು ಜೋರಾಗಿ ನಕ್ಕುಬಿಟ್ಟರು. ಆಮೇಲೆ ಅವರೇ ಉತ್ಸಾಹದಿಂದ ಒಳಗಿನಿಂದ ಹಳೆಯ, ಗಟ್ಟಿ ಉಕ್ಕಿನ ಸಾಮಾನುಗಳನ್ನು ತರಿಸಿ ಮುಂದೆ ಸುರಿದರು.

ಮರದ ಹಿಡಿಯ ಒಂದು ದಪ್ಪ ಸ್ಕ್ರೂಡ್ರೈವರು, ಸೂಜಿಯಂಥ ಇನ್ನೊಂದು, ಇಕ್ಕಳ, ಪ್ಲಗ್ಗು ಬಿಚ್ಚುವ ಉದ್ದನೆಯ ಕೊಳವೆ ಪಾನಾ, ತಂತಿಯ ಬ್ರಷ್ಷು, ಒಂದು ಜಾಕು. ಸುತ್ತಿಗೆ ಮಾತ್ರ ಎಲ್ಲಕ್ಕಿಂತ ಚಿಕ್ಕದನ್ನು ತೆಗೆದುಕೊಂಡರು. "ದೊಡ್ಡದು ಕೈಗೆ ಸಿಕ್ರೆ ಕೋಪ ಬಂದಾಗ ಹೊಡೆಯೋ ಹಂಗಾಗ್ತದೆ."

ಆಮೇಲಿನ ಮಧ್ಯಾಹ್ನಗಳು ನನ್ನ ನೆನಪಿನಲ್ಲಿ ಒಂದೇ ಒಂದು ಉದ್ದನೆಯ ಮಧ್ಯಾಹ್ನದ ಹಾಗೆ ಉಳಿದಿವೆ. ಗಂಡಸರೆಲ್ಲ ಗೂಡಿನ ಮಾರುಕಟ್ಟೆಗೆ ಹೋಗಿರುತ್ತಿದ್ದರು. ಒಲೆಗಳು ಆರಿರುತ್ತಿದ್ದವು. ಹೊಂಗೆಯ ನೆರಳು ಕಾರಿನ ಮೇಲೆ ಆಡುತ್ತಿತ್ತು. ಆಪಾ ಚಾಪೆಯ ಮೇಲೆ ಅಂಗಾತ ಮಲಗಿ ಒಳಗೆ ನುಸುಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಅವರ ಬೆರಳುಗಳ ಭಾಷೆ ಕಲಿಯುತ್ತಿದ್ದೆ. ಒಮ್ಮೊಮ್ಮೆ ಕಾರಿನಡಿಯಿಂದ ಸದ್ದೇ ಬರುತ್ತಿರಲಿಲ್ಲ. ಬಗ್ಗಿ ನೋಡಿದರೆ ಆಪಾ ಕಣ್ಣು ಮುಚ್ಚಿ, ಒಂದು ಕೈಯನ್ನು ಮೇಲಿನ ಕಬ್ಬಿಣದ ಮೇಲೆ ಇಟ್ಟುಕೊಂಡು ಸುಮ್ಮನೆ ಮಲಗಿರುತ್ತಿದ್ದರು.

"ನಿದ್ದೆ ಬಂತಾ ಆಪಾ?"

"ಇಲ್ಲ ಕಣೇ. ಅವರು ಇಲ್ಲೇ ಮಲಗ್ತಿದ್ರಲ್ಲ, ಇಲ್ಲಿಂದ ಏನು ಕಾಣ್ತದೆ ಅಂತ ನೋಡ್ತಾ ಇದೀನಿ."

ಒಂದು ವರ್ಷ ದಿಬ್ಬೂರಹಳ್ಳಿಯಲ್ಲಿ ನಮ್ಮಪ್ಪ ಜ್ವರ ಬಂದು ಹಾಸಿಗೆ ಹಿಡಿದರು. ಅವರು ಸಾಕಿದ್ದ ರೇಷ್ಮೆ ಹುಳು ಗೂಡು ಕಟ್ಟಿ ದಿನಗಳಾದರೂ ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸುವವರಿಲ್ಲ. ಇನ್ನೂ ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಬಿಚ್ಚಲಾಗದು. ಇಡೀ ಬೆಳೆ ಹೋದಂತೆ. ಸುದ್ದಿ ಕೇಳಿದ ಆಪಾ, "ಗೌಸ್, ಗಾಡಿ ತೆಗಿ" ಎಂದರು. ಸಂಜೆಗೆ ನಾವು ಮೂವರೂ ದಿಬ್ಬೂರಹಳ್ಳಿಯಲ್ಲಿದ್ದೆವು. ಮನೆಯವರೆಲ್ಲ ಸೇರಿ ಗೂಡು ಬಿಡಿಸಿದೆವು. ಬೆಳಕು ಹರಿಯುವ ಮುಂಚೆ ಕಾರಿನ ಹಿಂದಿನ ಸೀಟಿನ ತುಂಬ, ಕಿಟಕಿಯ ಮಟ್ಟದವರೆಗೂ, ಹಳದಿ ಬೆರೆತ ಹಸಿರು ಗೂಡುಗಳು. ಅವುಗಳ ನಡುವೆ ನಾನು. ಮುಂದೆ ಗೌಸ್, ಆಪಾ.

ಕೆರೆಯ ಏರಿಯ ಮೇಲೆ ಕಾರು ಎರಡು ಸಲ ಬಿಕ್ಕಿ ನಿಂತಿತು.

ಮಂಜು ನೀರಿನಿಂದ ಎದ್ದು ನಮ್ಮನ್ನು ಸುತ್ತಿಕೊಂಡಿತ್ತು. ಗೌಸ್ ಮುಂದಿನ ಹ್ಯಾಂಡಲು ಹಾಕಿ ತಿರುಗಿಸಿ ತಿರುಗಿಸಿ ಸೋತ. "ಭಾಭಿ, ಆಯ್ತು. ಹಳ್ಳೀಗೆ ಹೋಗಿ ಎತ್ತು ತರ್ತೀನಿ," ಎಂದ. ಅವನ ದನಿಯಲ್ಲಿ ಗೆಲುವಿರಲಿಲ್ಲ, ನೋವೇ ಇತ್ತು. ಅಷ್ಟರಲ್ಲಿ ನನ್ನ ತೊಡೆಯ ಬಳಿ ಏನೋ ಒದ್ದೆಯಾಗಿ ಮಿಸುಕಿತು. ಒಂದು ಗೂಡಿನ ತುದಿ ನೆಂದು, ಬಿರಿದು, ಬಿಳಿ ಚಿಟ್ಟೆಯೊಂದು ತಲೆ ಹೊರಗಿಟ್ಟಿತ್ತು. ನೋಡುತ್ತಿದ್ದಂತೆ ಇನ್ನೊಂದು. ಅವು ಹಾರುವುದಿಲ್ಲ, ಮುದುರಿದ ರೆಕ್ಕೆ ಬಿಡಿಸಿಕೊಂಡು ಪಟಪಟ ನಡುಗುತ್ತ ಸೀಟಿನ ಮೇಲೆ, ನನ್ನ ಸೆರಗಿನ ಮೇಲೆ ಹತ್ತತೊಡಗಿದವು. ಎಷ್ಟು ಚೆಲುವಾಗಿದ್ದವು! ನನಗೆ ಅಳು ಬಂತು.

"ಆಪಾ, ಹೊರಗೆ ಬರ್ತಾ ಇದಾವೆ!"

ಆಪಾ ಬುರ್ಖಾ ತೆಗೆದು ಮಡಚಿ ಸೀಟಿನ ಮೇಲಿಟ್ಟು ಇಳಿದರು. ಬಾನೆಟ್ಟು ಎತ್ತಿ, "ಪ್ಲಗ್ಗಲ್ಲ. ಪೆಟ್ರೋಲು ಬರ್ತಾ ಇಲ್ಲ" ಎಂದರು. ಒಂದು ಕೈ ಹಿಂದಕ್ಕೆ ಚಾಚಿದರು, ಬೆರಳು ಮಡಿಸಿಕೊಂಡು. ಸಣ್ಣ ಪಾನಾ ಇಟ್ಟೆ. ಕೈ ಒಳಗೆ ಹೋಯಿತು. ಪೆಟ್ರೋಲು ಹರಿಯುವ ತಾಮ್ರದ ಕೊಳವೆಯನ್ನು ಬಿಚ್ಚಿ, ತುಟಿಗೆ ಹಚ್ಚಿ, ಕೆನ್ನೆ ಉಬ್ಬಿಸಿ ಊದಿದರು. ಏನೂ ಆಗಲಿಲ್ಲ. ಮತ್ತೆ ಊದಿದರು, ಕೆಮ್ಮಿದರು, ಉಗುಳಿದರು, ಮತ್ತೆ ಊದಿದರು. ತಟ್ಟನೆ ಆ ತುದಿಯಿಂದ ಕಪ್ಪು ಕಸದ ಸಣ್ಣ ಉಂಡೆಯೊಂದು ನೆಲಕ್ಕೆ ಬಿತ್ತು.

ಹ್ಯಾಂಡಲಿನ ಮೊದಲ ತಿರುವಿಗಲ್ಲ, ಅದರ ಮುಂದಿನದಕ್ಕೆ ಇಂಜಿನು ಹತ್ತಿಕೊಂಡಿತು. ಏರಿಯ ಕೆಳಗಿನ ಕೊಕ್ಕರೆಗಳೆಲ್ಲ ಒಮ್ಮೆಲೇ ಎದ್ದವು.

ಸ್ವಲ್ಪ ದೂರ ಬಂದ ಮೇಲೆ ಗೌಸ್ ರಸ್ತೆ ನೋಡುತ್ತಲೇ, "ದಾರೀಲಿ ನಿಂತಿದ್ದಂತೂ ನಿಜ ಭಾಭಿ," ಎಂದ.

"ನಿಂತಿತು. ಎತ್ತು ಎಲ್ಲಿ?"

ಗೌಸ್ ನಗಲು ಶುರು ಮಾಡಿದವನು ಶಿಡ್ಲಘಟ್ಟದ ಮೊದಲ ಮನೆಗಳು ಕಾಣುವವರೆಗೂ ನಗುತ್ತಲೇ ಇದ್ದ. ಕೆಲವು ಗೂಡು ಹಾಳಾದವು, ಉಳಿದದ್ದು ಮಾರಾಟವಾಯಿತು. ನಮ್ಮಪ್ಪ ಚೇತರಿಸಿಕೊಂಡರು. ಕಾರು ಮಾರುವ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ಚಿಟ್ಟೆಗಳನ್ನು ಆಪಾ ಕೊಲ್ಲಲು ಬಿಡಲಿಲ್ಲ. ಮೊರದಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿಟ್ಟು, "ತಿನ್ನಲ್ಲ, ಕುಡಿಯಲ್ಲ, ಪಾಪ. ಇರೋವಷ್ಟು ದಿನ ಇರ್ಲಿ" ಎಂದು ಕಿಟಕಿಯ ಬಳಿ ಇಟ್ಟಿದ್ದರು.

ಅರವತ್ತರ ದಶಕದ ಆರಂಭದಲ್ಲಿ ನಮ್ಮ ಯಜಮಾನರಿಗೆ ಗೌರಿಬಿದನೂರಿಗೆ ವರ್ಗವಾಯಿತು. ನನ್ನ ಮಗಳು ಹುಟ್ಟಿದ್ದು ಅಲ್ಲಿ. ಸುದ್ದಿ ಮುಟ್ಟಿದ ಕೆಲವು ತಿಂಗಳಿಗೆ ಬೀದಿಯಲ್ಲಿ ಪರಿಚಿತ ಹಾರನ್ನು ಕೇಳಿ ಓಡಿಬಂದೆ. ಆಪಾ ಬಂದಿದ್ದರು. ಬಹಳ ಇಳಿದುಹೋಗಿದ್ದರು, ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡರು. ಕೇಳಿದ್ದಕ್ಕೆ, "ಬಿಸಿಲು ಕಣೇ" ಎಂದರು. ಕೈಯನ್ನು ಮೂರು ನೀರಿನಲ್ಲಿ ತೊಳೆದೇ ಮಗುವನ್ನು ಎತ್ತಿಕೊಂಡದ್ದು. ಮಧ್ಯಾಹ್ನವೆಲ್ಲ ಕೆಳಗಿಳಿಸಲಿಲ್ಲ. ಅದರ ಕಿವಿಯಲ್ಲಿ ಉರ್ದುವಿನಲ್ಲಿ ಏನೇನೋ ಹೇಳಿಕೊಳ್ಳುತ್ತಿದ್ದರು. ಅದು ಅವರ ಮೂಗು ಹಿಡಿಯಲು ನೋಡುತ್ತಿತ್ತು.

ಹೊರಡುವಾಗ ಬ್ಯಾಟರಿ ಕೈಕೊಟ್ಟಿತು, ಹ್ಯಾಂಡಲಿಗೂ ಇಂಜಿನು ಹತ್ತಲಿಲ್ಲ. ಆಪಾ ಇಳಿಯಲು ಹೊರಟರೆ ನಾನು ಬಿಡಲಿಲ್ಲ. ಬೀದಿಯ ಗಂಡಸರು, ಹಾಲು ತಂದವನು, ನನ್ನ ಯಜಮಾನರು, ಅವರ ಜೊತೆ ನಾನೂ ಸೆರಗು ಸಿಕ್ಕಿಸಿಕೊಂಡು ಹಿಂದಿನಿಂದ ತಳ್ಳಿದೆವು. ಹೊರಟ ಮೇಲೆ ನಿಲ್ಲಿಸಿ, ಅವರ ಕೈ ಹಿಡಿದು, ಮತ್ತೆ ಬನ್ನಿ ಎಂದು ಹೇಳುವುದು ನನ್ನ ಲೆಕ್ಕವಾಗಿತ್ತು. ಇಳಿಜಾರಿನಲ್ಲಿ ಇಂಜಿನು ಹತ್ತಿಕೊಂಡಿತು. ನಿಲ್ಲಿಸಿದರೆ ಮತ್ತೆ ಆರುತ್ತದೆಂದು ಗೌಸ್ ನಿಲ್ಲಿಸಲಿಲ್ಲ. ಹಿಂದಿನ ಪುಟ್ಟ ಗಾಜಿನಲ್ಲಿ ಆಪಾ ತಿರುಗಿ ಕೂತು, ಎರಡೂ ಅಂಗೈ ಗಾಜಿಗೆ ಒತ್ತಿಕೊಂಡು, ನಗುತ್ತ ಏನೋ ಹೇಳುತ್ತಿದ್ದರು. ನಾನು "ಆಂ?" ಎಂದು ಕೂಗುತ್ತ ಕಾರಿನ ಹಿಂದೆ ಓಡಿದೆ.

ಆ ಚಳಿಗಾಲ ಅವರು ಹೋದ ಸುದ್ದಿ ನನಗೆ ತಲುಪುವ ಹೊತ್ತಿಗೆ ನಲವತ್ತನೆಯ ದಿನದ ಕಾರ್ಯವೂ ಮುಗಿದಿತ್ತು. ಈಗಲೂ ನನಗೆ ಕನಸಿನಲ್ಲಿ ಆ ಬೀದಿ ಬರುತ್ತದೆ. ಉಸಿರು ಕಟ್ಟಿ ಓಡುತ್ತಿರುತ್ತೇನೆ. ಆಪಾ ಗಾಜಿನಾಚೆಯಿಂದ ಮಾತಾಡುತ್ತಲೇ ಇರುತ್ತಾರೆ.