ಅಮ್ಮಿ ಸಫಾರಿಗೆ ಹೋದದ್ದು

ಮರಳುಗಾಡಿನ ನಡುವೆ ಎದ್ದು ನಿಂತಿರುವ ಗಲ್ಫಿನ ಒಂದು ನಗರದಲ್ಲಿ ನನ್ನ ಅಣ್ಣ ಸಫಾರಿ ಡ್ರೈವರ್. ಊರು ನೋಡಲು ಬಂದವರನ್ನು ಜೀಪಿನಂಥ ದೊಡ್ಡ ಕಾರಿನಲ್ಲಿ ಕೂರಿಸಿಕೊಂಡು ಮರಳಿನ ದಿಬ್ಬಗಳ ನೆತ್ತಿಗೆ ಹತ್ತಿಸುತ್ತಾನೆ, ಅಲ್ಲಿಂದ ಓರೆಯಾಗಿ ಕೆಳಕ್ಕೆ ಜಾರಿಸುತ್ತಾನೆ. ಕೂತವರು ಕಿರುಚಬೇಕು. ಕಿರುಚುವಂತೆ ಓಡಿಸದಿದ್ದರೆ ಸಪ್ಪೆಯಾಯಿತೆಂದು ಮುಖ ಊದಿಸಿಕೊಳ್ಳುತ್ತಾರಂತೆ. ಆಮೇಲೆ ಹಲಗೆಯ ಮೇಲೆ ನಿಂತು ಮರಳಲ್ಲಿ ಜಾರುವುದು, ನಾಲ್ಕು ಚಕ್ರದ ಬೈಕು, ಒಂಟೆ ಸವಾರಿ, ಮುಂಗೈ ಮೇಲೆ ಗಿಡುಗ ಕೂರಿಸಿಕೊಂಡು ಒಂದು ಫೋಟೊ. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳ ಬದುವಿನಲ್ಲಿ ಸೈಕಲ್ ಕಲಿತು, ಕಲಿಯುವಾಗ ಮೂರು ಹೊತ್ತೂ ಕಾಲುವೆಗೆ ಬೀಳುತ್ತಿದ್ದವನು ಇಂಥ ಕೆಲಸಕ್ಕೆ ಸೇರಿದ್ದಾನೆ ಎಂದರೆ ಯಾರು ನಂಬುತ್ತಾರೆ? ನಮ್ಮ ತಂದೆ, ಅಬ್ಬ, ಬದುಕಿರುವವರೆಗೆ ಅದು ನಮ್ಮ ಮನೆಯಲ್ಲಿ ತಮಾಷೆಯ ವಿಷಯವಾಗಿತ್ತು.

ಅಬ್ಬ ರೇಷ್ಮೆ ನೂಲು ಬಿಚ್ಚುವ ಕಸುಬಿನವರು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹಿಡಿದು ಹಿಡಿದು ಅವರ ಬೆರಳ ತುದಿಗಳು ಯಾವಾಗಲೂ ಬಿಳಿಚಿಕೊಂಡು ಸುಕ್ಕಾಗಿರುತ್ತಿದ್ದವು. ಒಂದು ಮಧ್ಯಾಹ್ನ ಗೂಡಿನ ಮಾರುಕಟ್ಟೆಯಿಂದ ಬಂದವರು ಎದೆ ಹಿಡಿದ ಹಾಗಾಗುತ್ತಿದೆ ಎಂದು ಗೋಡೆಗೆ ಒರಗಿ ಕೂತರು, ಮತ್ತೆ ಏಳಲಿಲ್ಲ. ಅಣ್ಣನಿಗೆ, ಅಂದರೆ ನನ್ನ ಭಾಯಿಗೆ, ಫೋನು ಮಾಡಿದೆವು. ರಿಂಗಾಗುತ್ತಲೇ ಇತ್ತು, ಎತ್ತುವವರಿಲ್ಲ. ಪ್ರವಾಸಿಗಳನ್ನು ದಿಬ್ಬಕ್ಕೆ ಹತ್ತಿಸುವ ಮುಂಚೆ ಡ್ರೈವರುಗಳು ತಮ್ಮ ಫೋನನ್ನು ಕಾರಿನೊಳಗಿನ ಒಂದು ಪೆಟ್ಟಿಗೆಗೆ ಹಾಕಿ ಬೀಗ ಹಾಕಬೇಕು, ಸಫಾರಿ ಮುಗಿಯುವ ತನಕ ತೆಗೆಯಬಾರದು ಎಂಬ ಕಟ್ಟುನಿಟ್ಟು ಅಲ್ಲಿದೆ ಎಂದು ನಮಗೆ ತಿಳಿದದ್ದು ಆಮೇಲೆ. ನಮ್ಮಲ್ಲಿ ತೀರಿಕೊಂಡವರನ್ನು ಕಾಯಿಸಬಾರದು. ಆದರೂ ಹಿರಿಮಗ ಫೋನಿನಲ್ಲಾದರೂ ಒಂದು ಸಲ ಮುಖ ನೋಡಲಿ ಎಂದು ಅಮ್ಮಿ ಹಟ ಹಿಡಿದಳು. ಇಳಿಹೊತ್ತಿನ ಅಸರ್ ನಮಾಜಿನ ನಂತರ ಆಗಬೇಕಿದ್ದ ದಫನ ಸಂಜೆಯ ಮಗ್ರಿಬ್‌ವರೆಗೆ ನಿಂತಿತು. ಕಡೆಗೆ ಹಿರಿಯರು, "ಸಾಕಮ್ಮ, ಇನ್ನು ಕಳಿಸ್ಕೊಡಿ" ಎಂದರು.

ಖಬರಸ್ತಾನದಲ್ಲಿ ಗೋರಿಗೆ ಇಳಿಸಿದ ಮೇಲೆ ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕುತ್ತಾರೆ. ಮಣ್ಣು ಕೊಡುವುದು ಎನ್ನುತ್ತೇವೆ. ಸತ್ತವರಿಗೆ ಬದುಕಿರುವವರು ಕೈಯಾರೆ ಕೊಡುವ ಕೊನೆಯದು ಅದು. ಭಾಯಿ ವಾಪಸ್ ಫೋನು ಮಾಡುವಷ್ಟರಲ್ಲಿ ಎಲ್ಲ ಮುಗಿದು ಗಂಡಸರು ಮನೆಗೆ ಬಂದು ಕೈತೊಳೆಯುತ್ತಿದ್ದರು. ಅವತ್ತಿನಿಂದ ಎರಡು ವರ್ಷ ಅವನು ಊರ ಕಡೆ ತಲೆ ಹಾಕಲಿಲ್ಲ. ರಜೆ ಇಲ್ಲ ಎಂದ, ಸೀಸನ್ನು ಜೋರಾಗಿದೆ ಎಂದ, ಬರುವ ಹಬ್ಬಕ್ಕೆ ಖಂಡಿತ ಎಂದ. ಬರೀ ಬೊಗಳೆ. ಊರಿನವರು ಮಾತ್ರ, ಪಾಪ, ಮಣ್ಣು ಕೊಡುವ ಭಾಗ್ಯ ಹಿರಿಮಗನಿಗೆ ಇರಲಿಲ್ಲ ನೋಡಿ ಎಂದು ಲೊಚಗುಟ್ಟುತ್ತಿದ್ದರು. ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಯಾಕೆಂದರೆ ನಮ್ಮೂರಿನಲ್ಲಿ ಹೆಂಗಸರು ಖಬರಸ್ತಾನದೊಳಗೆ ಹೋಗುವುದಿಲ್ಲ. ಬೇರೆ ಕಡೆ ಹೋಗುತ್ತಾರಂತೆ, ನಮ್ಮಲ್ಲಿಲ್ಲ. ಗಂಡ ತೀರಿಕೊಂಡವಳು ಮನೆಯೊಳಗೇ ಇರಬೇಕಾದ ಇದ್ದತ್‌ನ ದಿನಗಳು ಮುಗಿಯುವ ತನಕ ಅಮ್ಮಿ ಹೊಸಿಲು ದಾಟಲಿಲ್ಲ. ಮುಗಿದ ಮೇಲೆ ದಾಟಿ ಹೋಗಲು ಅವಳಿಗೆ ಬೇಕಾಗಿದ್ದ ಜಾಗವೊಂದೇ, ಅದಕ್ಕೆ ಅವಳ ಪಾಲಿಗೆ ಬಾಗಿಲಿಲ್ಲ. ಅಬ್ಬನ ಗೋರಿ ಎಲ್ಲಿದೆ, ಹೇಗಿದೆ, ಅದನ್ನು ತಿಳಿಯದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಚಿಕ್ಕಪ್ಪನ ಮಗ ಶುಕ್ರವಾರ ಹೋಗಿ ಬಂದಾಗಲೆಲ್ಲ ಹಿಡಿದು ನಿಲ್ಲಿಸುತ್ತಿದ್ದಳು.

"ಹೆಂಗಿದೆಯಪ್ಪ?"

"ಚೆನ್ನಾಗೈತೆ, ಬಡಿ ಅಮ್ಮಾ."

"ಚೆನ್ನಾಗೈತೆ ಅಂದ್ರೆ ಏನೋ? ಮದುವೆ ಊಟವೇನೋ ಅದು?"

ಅವನು ತಲೆ ಕೆರೆದುಕೊಂಡು ನಿಲ್ಲುತ್ತಿದ್ದ. ತಪ್ಪು ಅವನದಲ್ಲ. ಅಮ್ಮಿಗೆ ಬೇಕಾಗಿದ್ದದ್ದು ಅವಳ ಕಣ್ಣಿನಂತೆ ನೋಡಿ ಬರುವ ಕಣ್ಣು. ಅದು ಮಗನದೇ ಆಗಬೇಕಿತ್ತು.

ನಾನು ಚಿಂತಾಮಣಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ದಿನಾ ಬಸ್ಸಿನಲ್ಲಿ ಆ ಖಬರಸ್ತಾನದ ಗೋಡೆಯ ಪಕ್ಕದಲ್ಲೇ ಹಾದು ಹೋಗುತ್ತೇನೆ. ಒಂದು ದಿನ ಸಿಟ್ಟು ಬಂದು ಅಲ್ಲೇ ಇಳಿದೆ. ಗೇಟಿನವರೆಗೆ ಹೋದೆ. ಒಳಗೆ ಗಿಡ ಕತ್ತರಿಸುತ್ತಿದ್ದ ವಯಸ್ಸಾದವರೊಬ್ಬರು ಎದ್ದು ಬಂದು ಮರ್ಯಾದೆಯಿಂದಲೇ, "ಏನಮ್ಮ, ಯಾರು ಬೇಕಾಗಿತ್ತು?" ಎಂದು ಕೇಳಿದರು. ಅಬ್ಬ ಬೇಕಾಗಿತ್ತು ಎನ್ನಲು ನನಗೆ ಬಾಯಿ ಬರಲಿಲ್ಲ. ಶಾಲೆಯಲ್ಲಿ ಇಡೀ ತರಗತಿಯನ್ನು ಒಂದು ಗದರಿಕೆಗೆ ಗಪ್‌ಚಿಪ್ ಮಾಡುವವಳು ಅಲ್ಲಿ ಬೆಪ್ಪಾಗಿ ನಿಂತು, ಮುಂದಿನ ಬಸ್ಸು ಹತ್ತಿ ಹೋದೆ.

ಕಡೆಗೆ ಅಮ್ಮಿ ಒಂದು ದಿನ, "ಅವನು ಬರಲ್ಲ ಅಂದ್ರೆ ನಾವೇ ಹೋಗಣ. ಹೋಗಿ ಕಿವಿ ಹಿಡ್ಕೊಂಡು ಕರ್ಕೊಂಡ್ ಬರಣ" ಎಂದಳು. ಮನೆಯಲ್ಲಿ ನಾವಾಡುವುದು ಉರ್ದು, ಅದರಲ್ಲಿ ಅರ್ಧ ಕನ್ನಡ, ಚೂರುಪಾರು ತೆಲುಗು. ಇಲ್ಲಿ ಎಲ್ಲರ ಮಾತನ್ನೂ ಊರ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಬೆಂಗಳೂರಿಗೇ ಹತ್ತು ಸಲ ಯೋಚಿಸಿ ಹೋಗುವ ಅಮ್ಮಿ ಪಾಸ್‌ಪೋರ್ಟಿಗೆಂದು ನನ್ನ ಜೊತೆ ಚಿಕ್ಕಬಳ್ಳಾಪುರಕ್ಕೆ ಅಲೆದಳು, ಶಾಲೆಯ ರಜೆಯಲ್ಲಿ ವಿಮಾನ ಹತ್ತಿದಳು. ಕಿಟಕಿಯಿಂದ ಒಂದು ಸಲವೂ ಹೊರಗೆ ನೋಡಲಿಲ್ಲ.

ಭಾಯಿ ಏರ್‌ಪೋರ್ಟಿಗೆ ಬಂದಿದ್ದ. ಕಾಲಿಗೆ ಬಿದ್ದಂತೆ ಬಗ್ಗಿ ಅಮ್ಮಿಯನ್ನು ತಬ್ಬಿಕೊಂಡ, ಅತ್ತ, ಬಿರಿಯಾನಿ ತಿನ್ನಿಸಿದ, ಎತ್ತರದ ಕಟ್ಟಡಗಳನ್ನು ತೋರಿಸಿದ. ಊರಿಗೆ ಬರುವ ಮಾತೆತ್ತಿದರೆ ಮಾತ್ರ ನೀರು ಕುಡಿಯಲು ಎದ್ದು ಹೋಗುತ್ತಿದ್ದ. ಅಮ್ಮಿ ನೋಡುವಷ್ಟು ನೋಡಿ ಒಂದು ಬೆಳಿಗ್ಗೆ ಹೇಳಿದಳು: "ನಿನ್ನ ಕೆಲಸ ನೋಡ್ಬೇಕು. ಅವತ್ತು ನೀನೆಲ್ಲಿದ್ದೆ, ಏನ್ ಮಾಡ್ತಿದ್ದೆ, ಅಲ್ಲಿಗೇ ಕರ್ಕೊಂಡ್ ಹೋಗು." ಅವನ ಮುಖ ಕಪ್ಪಿಟ್ಟಿತು. ವಯಸ್ಸಾದವರಿಗೆ ಆಗಿ ಬರಲ್ಲ ಅಮ್ಮಿ, ಸೊಂಟ ಹಿಡ್ಕೊಳ್ಳುತ್ತೆ, ವಾಂತಿ ಆಗುತ್ತೆ ಎಂದೆಲ್ಲ ಹೇಳಿದ. ಅಮ್ಮಿ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ಹೋಗಿ ಕೂತಳು.

ಆ ಮಧ್ಯಾಹ್ನ ಸಫಾರಿ ಕಾರಿನ ಹಿಂದಿನ ಸೀಟಿನಲ್ಲಿ ಯಾವುದೋ ದೇಶದ ಹೊಸದಾಗಿ ಮದುವೆಯಾದ ಜೋಡಿ, ಅವರ ಪಕ್ಕದಲ್ಲಿ ನಾನು, ಮುಂದೆ ಅಮ್ಮಿ. ಟಾರು ರಸ್ತೆ ಮುಗಿದಲ್ಲಿ ಭಾಯಿ ಕಾರು ನಿಲ್ಲಿಸಿ ಇಳಿದು ಟೈರುಗಳ ಗಾಳಿ ಬಿಡತೊಡಗಿದ. ಬುಸ್ ಎಂಬ ಸದ್ದಿಗೆ ಅಮ್ಮಿ ಕಿಟಕಿಯಿಂದ ತಲೆ ಹಾಕಿದಳು.

"ಏನೋ ಇದು, ಇರೋ ಗಾಳಿನೂ ಬಿಡ್ತಿದ್ದೀಯಲ್ಲೋ! ಪಂಚರ್ ಮಾಡ್ಕೊಂಡು ಹೊರಡ್ತಾರೇನೋ ಯಾರಾದ್ರೂ?"

"ಗಟ್ಟಿಯಾಗಿದ್ರೆ ಟೈರು ಮರಳಲ್ಲಿ ಹೂತ್ಕೊಳ್ಳುತ್ತೆ ಅಮ್ಮಿ. ಮೆತ್ತಗಿದ್ರೆ ಅಗಲ ಆಗಿ ಮೇಲ್ಮೇಲೇ ಹೋಗುತ್ತೆ."

ಆಮೇಲೆ ತನ್ನ ಫೋನನ್ನು ಗೇರಿನ ಪಕ್ಕದ ಪುಟ್ಟ ಪೆಟ್ಟಿಗೆಗೆ ಹಾಕಿ ಬೀಗ ತಿರುಗಿಸಿದ. "ಇದೇನಾ ಅದು?" ಎಂದಳು ಅಮ್ಮಿ. ಅವನು ಹೂಂಗುಟ್ಟಿದ. ನಾವು ಅಷ್ಟೊಂದು ಸಲ ಕರೆದಾಗ ಆ ಪೆಟ್ಟಿಗೆಯೊಳಗೆ ಅದು ಬೆಳಗಿ ಬೆಳಗಿ ಆರಿರಬೇಕು. ಅಮ್ಮಿ ಅದರ ಮುಚ್ಚಳದ ಮೇಲೆ ಕೈಯಾಡಿಸಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ.

ಭಾಯಿ ಮೊದಲ ದಿಬ್ಬವನ್ನು ಬಳಸಿಕೊಂಡು ಮೆಲ್ಲಗೆ ಹೋದ, ಎರಡನೆಯದನ್ನೂ ಹಾಗೇ. ಹಿಂದಿನ ಜೋಡಿ ಮುಖ ಮುಖ ನೋಡಿಕೊಂಡಿತು. ಅಮ್ಮಿಗೆ ಅದು ತಿಳಿಯಿತು.

"ಯಾಕೋ ಹಾಲಿನ ಕ್ಯಾನ್ ಸಾಗ್ಸೋ ಥರ ಹೋಗ್ತಿದ್ದೀಯ? ಅವರಿಗೆ ದಿನಾ ಹೆಂಗೆ ಓಡಿಸ್ತೀಯೋ ಹಂಗೇ ಓಡ್ಸು. ಅದನ್ನ ನೋಡಕ್ಕೇ ನಾನು ಬಂದಿರೋದು."

ಭಾಯಿ ಹಲ್ಲು ಕಚ್ಚಿದ. ಗಾಡಿ ಗೊರಗೊರ ಎಂದು ಕೂಗಿ ನೇರ ಮೇಲಕ್ಕೆ ನುಗ್ಗಿತು. ಕಿಟಕಿಯಲ್ಲಿ ಬರೀ ಆಕಾಶ, ಮರುಕ್ಷಣ ಬರೀ ಮರಳು. ಗಾಡಿ ಪೂರ್ತಿ ಓರೆಯಾಗಿ ದಿಬ್ಬದ ಪಕ್ಕೆಯಲ್ಲಿ ಜಾರಿತು. ಆ ಹುಡುಗಿ ಕಿರುಚಿದಳು, ಅವಳ ಗಂಡ ಅವಳಿಗಿಂತ ಜೋರಾಗಿ ಕಿರುಚಿದ, ನಾನು ಅವರಿಬ್ಬರನ್ನೂ ಮೀರಿಸಿದೆ. ಅಮ್ಮಿ ಯಾ ಅಲ್ಲಾ, ಯಾ ಅಲ್ಲಾ ಎನ್ನುತ್ತಿದ್ದಳು. ಇನ್ನೊಂದು ದಿಬ್ಬದಿಂದ ಬಿದ್ದಾಗ ಅವಳ ದನಿ ಬೇರೆಯಾಯಿತು. ಅಳುತ್ತಿದ್ದಾಳೆಂದು ಗಾಬರಿಯಾಗಿ ಬಗ್ಗಿ ನೋಡಿದರೆ, ನಗುತ್ತಿದ್ದಳು! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಅಬ್ಬ ಹೋದ ಮೇಲೆ ಅವಳ ನಗುವಿನ ಸದ್ದನ್ನು ನಾನು ಕೇಳಿರಲಿಲ್ಲ. ತಾನು ನಗುತ್ತಿದ್ದೇನೆಂದು ಅವಳಿಗೇ ಅರಿವಾದಾಗ ಬುರ್ಖಾದ ಅಂಚನ್ನು ಬಾಯಿಗೆ ಒತ್ತಿಕೊಂಡಳು.

ಭಾಯಿ ಒಂದು ಎತ್ತರದ ದಿಬ್ಬದ ಮೇಲೆ ಗಾಡಿ ನಿಲ್ಲಿಸಿದ. ಜೋಡಿ ಹಲಗೆ ಹಿಡಿದುಕೊಂಡು ಜಾರಲು ಹೋಯಿತು. ಸೂರ್ಯ ಕೆಳಗಿಳಿದಿದ್ದ.

"ಇಲ್ಲೇ ಅಮ್ಮಿ" ಎಂದ ಭಾಯಿ. "ಅವತ್ತು ಇದೇ ಹೊತ್ತಲ್ಲಿ ಇಲ್ಲೇ ನಿಂತ್ಕೊಂಡು ಬಂದೋರ ಫೋನಲ್ಲೇ ಅವ್ರ ಫೋಟೊ ತೆಗೀತಿದ್ದೆ. ನಗ್ರಿ, ಇನ್ನೂ ನಗ್ರಿ ಅಂತ ಅವ್ರಿಗೆ ಹೇಳ್ತಿದ್ದೆ. ಅವ್ರ ಜೊತೆ ನಾನೂ ನಗ್ತಿದ್ದೆ. ಅಲ್ಲಿ ಅಬ್ಬನ್ನ ಇಳಿಸ್ತಿದ್ರು. ಮಣ್ಣು ಕೊಡದೇ ಇರೋನು, ಆ ಹೊತ್ತಲ್ಲಿ ಹಲ್ಲು ಕಿರೀತಿದ್ದೋನು, ಯಾವ ಮುಖ ಇಟ್ಕೊಂಡು ಅವರ ಮುಂದೆ ಹೋಗಿ ನಿಲ್ಲಲಿ?"

ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಸಿಟ್ಟು ನೆತ್ತಿಗೇರಿತು.

"ನಾನು ಅಲ್ಲೇ ಇದ್ದೆ ಭಾಯಿ, ಊರಲ್ಲೇ! ನಾನು ಕೊಟ್ನಾ ಮಣ್ಣು? ಇಷ್ಟು ವರ್ಷ ಸಂಸಾರ ಮಾಡಿದ ಅಮ್ಮಿ ಕೊಟ್ಟಳಾ? ನಮ್ಮನ್ನ ಒಬ್ಬರಾದ್ರೂ ಪಾಪ ಅಂದ್ರಾ? ನಿನಗೆ ಗೇಟು ತೆಗೆದೇ ಇದೆ, ನೀನು ಹೋಗಲ್ಲ. ಅಮ್ಮಿ ಅವ್ರಿವ್ರನ್ನ ಹಿಡಿದು ಗೋರಿ ಹೆಂಗಿದೆ, ಗೋರಿ ಹೆಂಗಿದೆ ಅಂತ ಭಿಕ್ಷೆ ಬೇಡ್ತಿದ್ದಾಳೆ, ಗೊತ್ತಾ ನಿನಗೆ?"

ಭಾಯಿಗೆ ಅದು ಗೊತ್ತಿರಲಿಲ್ಲ. ಅಮ್ಮಿ ಫೋನಿನಲ್ಲಿ ಒಂದು ಸಲವೂ ಹೇಳಿರಲಿಲ್ಲ.

"ಸುಮ್ನಿರೇ ನೀನು" ಎಂದು ಅಮ್ಮಿ ನನ್ನನ್ನು ಗದರಿದಳು. ಆಮೇಲೆ ಅವನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಈಗ ನಾನು ನಕ್ಕೆನಲ್ಲೋ ಬೇಟಾ. ಅವರನ್ನ ಮರೆತು ನಕ್ಕೆನಾ? ಗಾಡಿ ಹಂಗೆ ಬಿದ್ರೆ ನಗು ತಾನಾಗೇ ಬರುತ್ತೆ, ಯಾರ ಕೈಲೂ ತಡೆಯಕ್ಕಾಗಲ್ಲ. ನಾನೇ ನಕ್ಕ ಮೇಲೆ ನಿನ್ನ ಏನಂತ ಬೈಯಲಿ? ಮಣ್ಣು ಕೊಡು ಅಂತ ಕರೆಯಕ್ಕೆ ಬಂದಿಲ್ಲ ನಾನು. ಒಂದ್ಸಲ ಹೋಗಿ, ಅವರು ಎಲ್ಲಿದ್ದಾರೆ ಅಂತ ನೋಡ್ಕೊಂಡು ಬಂದು ನನಗೆ ಹೇಳು. ಅಷ್ಟು ಸಾಕು."

ಭಾಯಿ ಮರಳಿನ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತ. ಅಮ್ಮಿ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು. ಹಲಗೆ ಹಿಡಿದುಕೊಂಡು ಏದುಸಿರು ಬಿಡುತ್ತಾ ಮೇಲೆ ಬಂದ ಜೋಡಿ ನಮ್ಮನ್ನು ನೋಡಿ ಏನು ಮಾಡುವುದೆಂದು ತಿಳಿಯದೆ ನಿಂತುಬಿಟ್ಟಿತು. ಭಾಯಿ ಕಣ್ಣೊರೆಸಿಕೊಂಡು ಎದ್ದು, ಸೂರ್ಯ ಮುಳುಗುವ ಮುಂಚೆ ಅವರ ಫೋಟೊ ತೆಗೆದುಕೊಟ್ಟ.

ನಾವು ಊರಿಗೆ ಮರಳಿದ ಮೇಲೆ, ಅಲ್ಲಿ ಬಿಸಿಲು ಏರಿ ಪ್ರವಾಸಿಗಳು ಕಡಿಮೆಯಾದಾಗ ಅವನು ಬಂದ. ಬಂದ ಮರುದಿನ ಬೆಳಗಿನ ನಮಾಜು ಮುಗಿಸಿ ಮಸೀದಿಯಿಂದ ಹಾಗೇ ಖಬರಸ್ತಾನಕ್ಕೆ ಹೋದ. ಅಮ್ಮಿ ಚಹಾ ಕೂಡ ಕುಡಿಯದೆ ಬಾಗಿಲಲ್ಲೇ ಕಾದಳು. ನಾನು ಶಾಲೆಗೆ ರಜೆ ಹಾಕಿದ್ದೆ. ಬಿಸಿಲೇರಿದ ಮೇಲೆ ಅವನು ಬಂದು ಕಾಲು ತೊಳೆಯಲು ಚೊಂಬು ಎತ್ತಿಕೊಂಡಾಗ ಅಮ್ಮಿ ಕೈಹಿಡಿದು ಕೂರಿಸಿದಳು. "ಆಮೇಲೆ ತೊಳ್ಕೊಳ್ಳುವಂತೆ. ಮೊದಲು ಹೇಳು."

ಅವನು ಹೇಳಿದ. ಗೇಟಿನಿಂದ ಎಡಕ್ಕೆ, ನೀರಿನ ತೊಟ್ಟಿ ದಾಟಿದ ಮೇಲೆ. ತಲೆಯ ಕಡೆ ಬೇವಿನ ಮರ ಇದೆ, ಬೆಳಿಗ್ಗೆಯೆಲ್ಲ ನೆರಳು, ಸಂಜೆ ಮಾತ್ರ ಕಾಲ ಕಡೆ ಸ್ವಲ್ಪ ಬಿಸಿಲು ಬೀಳಬಹುದು. ಮಳೆಗೆ ನಡುವೆ ಕುಸಿದಿತ್ತು, ಮಣ್ಣು ತರಿಸಿ ತುಂಬಿ ಕೈಯಿಂದಲೇ ತಟ್ಟಿ ಸಮ ಮಾಡಿದ್ದೇನೆ. ಇರುವೆ ಇಲ್ಲ. ಮುಳ್ಳಿನ ಗಿಡ ಇತ್ತು, ಕಿತ್ತೆ. ಅಮ್ಮಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಅವಳ ಹಿಂದೆ ನಿಂತು ನಾನೂ ಆ ತೊಟ್ಟಿ ದಾಟಿ ಎಡಕ್ಕೆ ಹೋದೆ.

"ಪಕ್ಕದಲ್ಲಿ ಯಾರಿದ್ದಾರೋ?"

"ಬಳೆ ಅಂಗಡಿ ಮಾಮು."

"ಅಯ್ಯೋ, ಅವರಿಬ್ಬರೂ ಮಾತು ಬಿಟ್ಟಿದ್ರಲ್ಲೋ! ಇರ್ಲಿ ಬಿಡು, ಇನ್ನಾದ್ರೂ ಮಾತಾಡ್ಕೊಳ್ಲಿ." ಅಮ್ಮಿ ಕಣ್ಣು ತೆರೆದು ಅವನ ಕಡೆ ತಿರುಗಿದಳು. "ಆ ಕಡೆ ಪಕ್ಕದಲ್ಲಿ?"

"ಆ ಕಡೆ ಯಾರೂ ಇಲ್ಲ ಅಮ್ಮಿ. ಖಾಲಿ."

"ಅದನ್ನ ಯಾರಿಗೂ ಕೊಡ್ಬೇಡಿ ಅಂತ ಈಗ್ಲೇ ಹೋಗಿ ಹೇಳ್ಬಿಟ್ಟು ಬಾ" ಎಂದಳು ಅಮ್ಮಿ.